ಕಣ್ಣಲ್ಲಿ ನಿಂತವಳು

ಓಡುವ ಲಾಳಿಯನ್ನು ಬರೀ ಕಣ್ಣಿನಿಂದ ಹಿಡಿದು ನಿಲ್ಲಿಸುವಂತಿದ್ದರೆ? ಬೆಟಗೇರಿಯ ನೇಕಾರರಲ್ಲಿ ಯಾರೂ ಹೀಗೆ ಕೇಳಿಕೊಂಡವರಲ್ಲ. ಅವರಿಗೆ ಅಷ್ಟು ಪುರಸೊತ್ತು ಎಲ್ಲಿಂದ ಬರಬೇಕು? ಕೇಳಿಕೊಂಡವಳು ಬನಶಂಕರೆವ್ವನ ಮಗಳು ಇಂದುಮತಿ. ಚಿಕ್ಕಂದಿನಲ್ಲಿ ಅವ್ವನ ಮಗ್ಗದ ಪಕ್ಕ ಕುಳಿತು, ಹಾಸಿನ ಈ ತುದಿಯಿಂದ ಆ ತುದಿಗೆ ಹಾರುವ ಲಾಳಿಯನ್ನು ನೋಡಲು ಹೋಗಿ ಕತ್ತು ನೋಯಿಸಿಕೊಳ್ಳುತ್ತಿದ್ದಳು. ಎಷ್ಟು ಹೊರಳಿಸಿದರೂ ಲಾಳಿ ಕಣ್ಣಿಗೆ ಸಿಗುತ್ತಿರಲಿಲ್ಲ. ಸಿಗದ ವಸ್ತುವಿನ ಮೇಲೆ ಕೆಲವರಿಗೆ ಆಸೆ ಹುಟ್ಟುತ್ತದೆ, ಕೆಲವರಿಗೆ ಸಿಟ್ಟು. ಇಂದುಮತಿಗೆ ಬಂದ ಸಿಟ್ಟು ಅವಳನ್ನು ಭೌತಶಾಸ್ತ್ರದ ಎಂ.ಎಸ್ಸಿ.ವರೆಗೆ ಓದಿಸಿ, ಹುಬ್ಬಳ್ಳಿ ರಸ್ತೆಯಲ್ಲಿದ್ದ ಒಂದು ದೀಪದ ಕಂಪನಿಯ ಪ್ರಯೋಗಶಾಲೆಗೆ ತಂದು ಬಿಟ್ಟಿತು.

ಅಲ್ಲಿ ಡಾಕ್ಟರ್ ಹೊಂಬಳ ಎಂಬ ಹಿರಿಯ ವಿಜ್ಞಾನಿ ಇದ್ದರು. ಇಬ್ಬರೂ ಸೇರಿ ಮಾಡಿದ್ದು ನಿಲುದೀಪ. ಅದರ ಅರ್ಧ ಗುಟ್ಟು ಹಳೆಯದೇ. ಮಗ್ಗ ಬಡಿಯುವ ತಾಳಕ್ಕೆ ಸರಿಯಾಗಿ ದೀಪವನ್ನು ಮಿಣುಕಿಸಿದರೆ, ಪ್ರತಿ ಸಲ ಲಾಳಿ ಒಂದೇ ಜಾಗಕ್ಕೆ ಬಂದಾಗ ಮಾತ್ರ ಅದರ ಮೇಲೆ ಬೆಳಕು ಬೀಳುತ್ತದೆ, ಹಾಗಾಗಿ ಓಡುವ ಲಾಳಿ ನಿಂತಂತೆ ಕಾಣುತ್ತದೆ. ಆದರೆ ಅಂಥ ಮಿಣುಕನ್ನು ದಿನವಿಡೀ ನೋಡಿದರೆ ತಲೆ ಸಿಡಿಯುತ್ತದೆ. ಹೊಂಬಳರು ಕಂಡುಹಿಡಿದದ್ದು ಇನ್ನರ್ಧ. ಬೆಳಕಿಗೆ ಒಂದು ಬಗೆಯ ತಿಳಿ ನೇರಳೆ ಬೆರೆಸಿದರೆ, ಮಿದುಳು ಒಂದು ಚಿತ್ರವನ್ನು ಮುಂದಿನ ಮಿಣುಕು ಬರುವ ತನಕ ಬಿಡದೆ ಹಿಡಿದುಕೊಳ್ಳುತ್ತದೆ. ಆಗ ಮಿಣುಕು ಗೊತ್ತೇ ಆಗುವುದಿಲ್ಲ. ಮಿದುಳಿಗೆ ಹಿಡಿಯುವುದನ್ನು ಕಲಿಸಿದರು. ಬಿಡುವುದನ್ನು ಅದು ಮರೆತೀತು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ದೀಪಗಳನ್ನು ಎಲ್ಲಿ ಹಾಕಿ ನೋಡೋಣ ಎಂಬ ಮಾತು ಬಂದಾಗ ಇಂದುಮತಿ ಹಿಂದೆಮುಂದೆ ನೋಡದೆ ಅವ್ವ ನೇಯುವ ಶೆಡ್ಡಿನ ಹೆಸರು ಹೇಳಿದಳು. ಮಗಳು ಮಾಡಿದ ದೀಪ ಅವ್ವನ ಮಗ್ಗದ ಮೇಲೆಯೇ ಮೊದಲು ಹತ್ತಬೇಕೆಂಬ ಹಂಬಲ. ತಪ್ಪೇನಲ್ಲ.

ದೀಪ ಹತ್ತಿದ ದಿನ ಶೆಡ್ಡಿನ ಸಪ್ಪಳ ಎಂದಿನಂತೆ ನೆಲ ನಡುಗಿಸುತ್ತಿತ್ತು, ಆದರೆ ಲಾಳಿ ಮಾತ್ರ ಬಿಸಿಲಿಗೆ ಮಲಗಿದ ಬೆಕ್ಕಿನಂತೆ ಹಾಸಿನ ನಡುವೆ ಸುಮ್ಮನೆ ಬಿದ್ದಿತ್ತು. ಎಲ್ಲಿ ಎಳೆ ಹರಿದಿದೆ, ಎಲ್ಲಿ ಸಿಕ್ಕಾಗಿದೆ, ಎಲ್ಲ ನಿಚ್ಚಳ. ಪಕ್ಕದ ಮಗ್ಗದ ಮಾಬೂಬಿ ಬೆರಗಾಗಿ ಲಾಳಿ ಮುಟ್ಟಲು ಕೈ ಚಾಚಿದಳು. ಬನಶಂಕರೆವ್ವ ಅವಳ ರಟ್ಟೆ ಹಿಡಿದು ಎಳೆಯದಿದ್ದರೆ ಬೆರಳು ಉಳಿಯುತ್ತಿರಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬನಶಂಕರೆವ್ವ ಮಗಳ ಕಡೆ ತಿರುಗಿ ಎರಡು ಕೈಗಳಿಂದ ಅವಳ ಕೆನ್ನೆ ನೀವಿ, ನೆಟಿಕೆ ಮುರಿದಳು. ಇಂದುಮತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಇಲ್ಲಿ ಶೆಡ್ಡಿನ ಮಾತಿನ ಬಗ್ಗೆ ಹೇಳಬೇಕು. ವಿದ್ಯುತ್ ಮಗ್ಗಗಳು ಬಡಿಯುವಲ್ಲಿ ಬಾಯಿಗೆ ಕೆಲಸವಿಲ್ಲ. ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿಯ ಹೆಂಗಸರು ಗಂಡಸರು ಕೈಯಲ್ಲೇ ಮಾತಾಡುತ್ತಾರೆ. ಮುಷ್ಟಿ ತಿರುವಿದರೆ ಮಾಲಕ ಬಂದ, ಹೆಬ್ಬೆರಳು ಗಲ್ಲಕ್ಕೆ ತಾಗಿಸಿದರೆ ಚಹಾ ಬಂತು. ಯಾರ ಸೊಸೆ ತವರಿಗೆ ಹೋದಳು, ಯಾರ ಮನೆಯಲ್ಲಿ ಲಗ್ನ, ಎಲ್ಲವೂ ಇಪ್ಪತ್ತು ಮಾರು ದೂರದಿಂದ ಕೈಯಲ್ಲೇ ನಡೆಯುತ್ತದೆ. 'ಬರ್ತೀನಿ' ಎನ್ನಲು ಕೈಯನ್ನು ಲಾಳಿಯ ಹಾಗೆ ಆಚೆ ಒಯ್ದು ಮರಳಿ ಎದೆಗೆ ತರಬೇಕು. 'ಹೋಗ್ತೀನಿ' ಎಂಬುದಕ್ಕೆ ಸನ್ನೆಯೇ ಇಲ್ಲ. ಆಚೆ ಹೋದ ಲಾಳಿ ಈಚೆ ಬರಲೇಬೇಕಲ್ಲ.

ಆ ಮಾತಿಗೂ ಒಂದು ಮರ್ಯಾದೆ ಇತ್ತು. ಒಬ್ಬರು ಕೈ ಆಡಿಸುತ್ತಿರುವಾಗ ಎದುರಿನವರು ಕಣ್ಣು ಮುಚ್ಚಬಾರದು. ಮುಚ್ಚಿದರೆ, ನಿನ್ನ ಮಾತು ನನಗೆ ಬೇಡ ಎಂದು ಮುಖದ ಮೇಲೆ ಕದ ಹಾಕಿದಂತೆ. ಹೀಗೆ ಕಣ್ಣು ಮುಚ್ಚಿಸಿಕೊಂಡ ಅತ್ತಿಗೆ ನಾದಿನಿಯರು ಒಂದೇ ಶೆಡ್ಡಿನಲ್ಲಿ ವರ್ಷಗಟ್ಟಲೆ ಮಾತು ಬಿಟ್ಟದ್ದುಂಟು.

ಬನಶಂಕರೆವ್ವನ ಕಿವಿಯನ್ನು ಮಗ್ಗಗಳೇ ತಿಂದಿದ್ದವು. ಗಂಡ ತೀರಿಕೊಂಡ ಮೇಲೆ ಎರಡು ಮಗ್ಗ ಹಿಡಿದಳು, ಮಗಳನ್ನು ಓದಿಸಿದಳು, ಇಂದುಮತಿ ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಪೂರ್ತಿ ಕಿವುಡಿಯಾಗಿದ್ದಳು. ತನ್ನ ದನಿ ತನಗೇ ಕೇಳದಾದಾಗ ಓಣಿಯಲ್ಲಿ ಒದರಿದಂತೆ ಮಾತಾಡಿ ನಗೆಗೀಡಾದಳು. ಅಂದಿನಿಂದ ಬಾಯಿ ಮಾತು ಬಿಟ್ಟೇಬಿಟ್ಟಳು. ಓದು ಬರಹ ಮೊದಲೇ ಇಲ್ಲ. ತಾಯಿ ಮಗಳಿಗೆ ಶೆಡ್ಡಿನ ಮಾತೇ ಮನೆಯ ಮಾತಾಯಿತು. ಲೋಕದ ಜೊತೆ, ಮಗಳ ಜೊತೆ ಅವಳಿಗೆ ಉಳಿದದ್ದು ಎರಡು ಕಣ್ಣಿನ ದಾರಿ ಮಾತ್ರ.

ದೀಪ ಹಾಕಿದ ಮೇಲೆ ಪರೀಕ್ಷೆಗಳೇನೋ ನಡೆದವು. ಹೊಂಬಳರು ಅಚ್ಚುಕಟ್ಟಿನ ಮನುಷ್ಯ. ನೇಕಾರರ ಕೈಯಿಂದ ಸೂಜಿಗೆ ದಾರ ಹಾಕಿಸಿದರು, ಗೋಡೆಯ ಅಕ್ಷರ ಓದಿಸಿದರು, ಓದು ಬಾರದವರಿಗೆ ಚಿತ್ರ ತೋರಿಸಿದರು. ಅವ್ವನಿಗೆ ಇಂದುಮತಿಯೇ ಒಂದೊಂದೇ ಸನ್ನೆ ಮಾಡಿ ಕೇಳಿದಳು. ಕಾಣ್ತದೇನು? ಹೂಂ. ನೋವದೇನು? ಇಲ್ಲ. ಪರೀಕ್ಷೆಗೆಂದು ಮಗ್ಗ ನಿಲ್ಲಿಸಿದ್ದರಿಂದ ಉಳಿದವರೆಲ್ಲ ಬಾಯಿಂದಲೇ ಉತ್ತರ ಕೊಟ್ಟರು. ಸರಸರನೆ ಕೈ ಆಡಿಸಿ ಒಂದು ಪೂರಾ ಮಾತು ಹೇಳಿ, ತಿಳಿಯಿತೇ ಎಂದು ಯಾರನ್ನೂ ಕೇಳಲಿಲ್ಲ. ದಿನಾ ಹಾಗೇ ಮಾತಾಡುವ ಇಂದುಮತಿಗೂ ಅದು ಕೇಳುವ ವಿಷಯ ಅನ್ನಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಮರುವರ್ಷ ನಿಲುದೀಪ ಊರೂರಿನ ಶೆಡ್ಡುಗಳಿಗೆ ಹೋಯಿತು. ಬನಶಂಕರೆವ್ವ ಮಾತ್ರ ಬದಲಾಗತೊಡಗಿದಳು. ಉಪ್ಪು ಕೇಳಿದರೆ ನೀರು ತರುವಳು. ಹೇಳಿದ್ದನ್ನೇ ಮತ್ತೆ ಹೇಳು ಎನ್ನುವಳು. ವಯಸ್ಸು ಅಂದುಕೊಂಡಳು ಇಂದುಮತಿ. ಶ್ರಾವಣದ ಒಂದು ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅವ್ವನಿಗೆ ಕೈಯಲ್ಲೇ ಹೇಳಿದಳು: "ಸಾಕು ಮಾಡಬೇ ಅವ್ವಾ. ಮಗ್ಗ ಬಿಡು. ನಾ ದುಡ್ಯಾಕತ್ತೀನಲ್ಲ, ಇನ್ನರ ಆರಾಮ ಕುಂದ್ರು."

ಬನಶಂಕರೆವ್ವ ನೋಡುತ್ತಿದ್ದವಳು ಮಾತಿನ ನಡುವೆಯೇ ಕಣ್ಣು ಮುಚ್ಚಿದಳು.

ಇಂದುಮತಿಯ ಕೈ ಗಾಳಿಯಲ್ಲಿಯೇ ನಿಂತಿತು. ಹುಟ್ಟಿದಾಗಿನಿಂದ ಅವ್ವ ಅವಳ ಮುಂದೆ ಕಣ್ಣು ಮುಚ್ಚಿದವಳಲ್ಲ. ಅವ್ವನ ಭುಜ ಅಲುಗಾಡಿಸಿ ಮತ್ತೊಮ್ಮೆ ಹೇಳಿದಳು. ಅವ್ವ ಎರಡು ಸನ್ನೆ ನೋಡಿ ಮತ್ತೆ ಕಣ್ಣು ಮುಚ್ಚಿದಳು. ಇಂದುಮತಿ ಎದ್ದು ಹೋದಳು. ಮಗ್ಗದ ಮೇಲಿರುವ ಪ್ರೀತಿ ಮಗಳ ಮೇಲಿಲ್ಲ ಎಂದುಕೊಂಡಳು. ಅಂದಿನಿಂದ ತಾಟು ಹಾಕುವುದು, ತಾಟು ತೆಗೆಯುವುದು ಎಲ್ಲ ಸುಮ್ಮನೆ. ಅವ್ವ ಒಂದೆರಡು ಸಲ ತಾನೇ ಕೈ ಎತ್ತಿ ಮಾತು ಶುರು ಮಾಡಿದಳು. ಇಂದುಮತಿ ಬೇಕೆಂದೇ ಅವಳ ಎದುರು ಕಣ್ಣು ಮುಚ್ಚಿದಳು. ಅವ್ವನಿಂದ ಕಲಿತದ್ದನ್ನು ಅವ್ವನಿಗೇ ಒಪ್ಪಿಸಿದೆನೆಂದು ಅವತ್ತು ಅವಳಿಗೆ ಸಮಾಧಾನವೂ ಆಯಿತು. ಆಮೇಲೆ ನೆನೆದು ನೆನೆದು ಅತ್ತದ್ದು ಅದೊಂದಕ್ಕೇ.

ಓಣಿಯಲ್ಲಿ ಸಿಕ್ಕ ಮಾಬೂಬಿ ಕೇಳಿದಳು: "ಏನಬೇ ಇಂದವ್ವಾ, ತಾಯಿ ಮಗಳು ಮಾತು ಬಿಟ್ಟೀರಂತ?"

"ನಾ ಬಿಟ್ಟಿಲ್ಲ ಮಾಬೂಬಿ ಅತ್ತಿ. ಆಕಿ ಕಣ್ಣು ಮುಚ್ಚಿದಳು."

"ಬನಕ್ಕ? ನಿನ್ನ ಮುಂದ?" ಮಾಬೂಬಿ ನಂಬಲಿಲ್ಲ. "ಆಕಿ ಹಂಗ ಮಾಡಾಕಿ ಅಲ್ಲ. ಏನರ ಇರಬೇಕು ನೋಡು."

ಏನೋ ಇತ್ತು. ಅದು ಗೊತ್ತಾದದ್ದು ದಸರೆ ಕಳೆದ ಮೇಲೆ, ಪ್ರಯೋಗಶಾಲೆಯಲ್ಲಿ. ರಬಕವಿ ಕಡೆಯ ಒಬ್ಬ ನೇಕಾರ ಬಂದಿದ್ದ, ಹೆಸರು ಚನಮಲ್ಲಪ್ಪ. ಬಲಗೈಗೆ ಪಟ್ಟಿ, ಎರಡು ಬೆರಳಿಲ್ಲ. ಹೊಂಬಳರು ಅವನನ್ನು ಕೂರಿಸಿ ನೀರು ಕೊಟ್ಟರು, ಇಂದುಮತಿ ಪಕ್ಕದಲ್ಲಿ ನಿಂತಿದ್ದಳು.

"ಲಾಳಿ ಆಕಡೆ ಐತಂತ ತಿಳದು ಎಳಿ ಹಿಡ್ಯಾಕ ಕೈ ಹಾಕಿದ್ನಿರಿ," ಎಂದ ಅವನು. "ನಾ ಕಂಡಿದ್ದು ಹಿಂದಿನ ಸಲದ ಲಾಳಿರಿ. ಖರೇ ಲಾಳಿ ಬಂದು ಬಡೀತು."

"ದೀಪ ಆರಿಸಿದ ಮ್ಯಾಲೂ ಹಂಗ ಕಾಣ್ತದೇನು?" ಹೊಂಬಳರು ಕೇಳಿದರು.

"ಹಾದ್ಯಾಗೂ ಕಾಣ್ತೈತ್ರಿ. ಎದುರಿಂದ ಸೈಕಲ್ ಬಂದ್ರ ಒಂದರ ಹಿಂದ ಒಂದು ಹತ್ತು ಸೈಕಲ್ ಬಂದಂಗ ಆಕ್ಕತಿ. ಅದು ದಾಟಿ ಹ್ವಾದ ಮ್ಯಾಲೂ ನಿಂತಿರ್ತಾವು."

ಹೊಂಬಳರು ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿದರು. ಊದಿನಕಡ್ಡಿ ಹಚ್ಚಿ ಅವನ ಮುಂದೆ ನಿಧಾನಕ್ಕೆ ಒಂದು ಸುತ್ತು ಆಡಿಸಿ, ಕೈ ಇಳಿಸಿ, ಕಡ್ಡಿಯನ್ನು ನೀರಲ್ಲಿ ಅದ್ದಿದರು. ಚುಂಯ್ ಎಂದಿತು.

"ಈಗ ಏನು ಕಾಣಸ್ತದ?"

"ಕೆಂಪು ಬಳಿರಿ. ಇನ್ನೂ ಅಲ್ಲೇ ಐತಿ."

"ಅದನ್ನ ಹೆಂಗ ಕಳೀತೀರಿ?"

"ಕಣ್ಣು ಮುಚ್ಚತೀನ್ರಿ. ಸ್ವಲ್ಪ ಹೊತ್ತು ಮುಚ್ಚಿ ತೆಗದ್ರ ಪಾಟಿ ಒರಿಸಿದಂಗ ಆಕ್ಕತಿ." ಆಮೇಲೆ ಏನೋ ನಾಚಿಕೆಯ ವಿಷಯ ಎಂಬಂತೆ ದನಿ ತಗ್ಗಿಸಿದ: "ನಮ್ಮ ಮನಿಯಾಕಿಗೂ ಹಂಗಾಗೇತ್ರಿ. ಶೆಡ್ಡಿನ್ಯಾಗ ಕೈಲೆ ಮಾತಾಡುಮುಂದ ನಡನಡಕ ಕಣ್ಣು ಮುಚ್ಚತಾಳ. ಮುಚ್ಚಲಿಲ್ಲಂದ್ರ ಕೈ ಮ್ಯಾಲ ಕೈ ಬಿದ್ದು ಒಂದೂ ತಿಳ್ಯಂಗಿಲ್ಲಂತ."

ಕತ್ತಲಲ್ಲಿ ಇಂದುಮತಿಗೆ ಹೊಸ್ತಿಲ ಮೇಲಿನ ಆ ಸಂಜೆ ನೆನಪಾಯಿತು. ಅವಳು ಹೊಂಬಳರಿಗೂ ಹೇಳದೆ ಹೊರಗೆ ಬಂದು, ಸಿಕ್ಕ ಆಟೋ ಹತ್ತಿದಳು.

ಬನಶಂಕರೆವ್ವ ಅಂಗಳದಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದಳು. ಇಂದುಮತಿ ಎದುರಿಗೆ ಕುಳಿತು ಒಂದೇ ಸನ್ನೆ ಮಾಡಿದಳು: "ಯಾವಾಗಿಂದ?" ಕೈಗಳನ್ನು ತಟ್ಟನೆ ಹಿಂದಕ್ಕೆ ಬಚ್ಚಿಟ್ಟುಕೊಂಡು ಕಾದಳು.

ಅವ್ವ ಮಗಳ ಮುಖ ನೋಡಿದಳು. ಗುಟ್ಟು ರಟ್ಟಾಯಿತೆಂದು ತಿಳಿಯಿತು. ಕಣ್ಣು ಮುಚ್ಚಿ ತೆರೆದು, "ಯುಗಾದಿಯಿಂದ," ಎಂದಳು.

"ಯಾಕ ಹೇಳಲಿಲ್ಲ?"

ಮತ್ತೆ ಕಣ್ಣು ಮುಚ್ಚಿದಳು. ಈ ಸಲ ತೆರೆಯಲು ಹೊತ್ತು ಹಿಡಿಯಿತು. "ಕಣ್ಣು ಹೋತಂದ್ರ ಮಗ್ಗ ಬಿಡಿಸಿ ಲಾಳಿಗೆ ನೂಲಿನ ಕಂಡಿಕಿ ಸುತ್ತಾಕ ಕುಂದರಸ್ತಾರ. ಇರಲಿ, ಅದೇನ ದೊಡ್ಡದಲ್ಲ. ನಿನ್ನ ದೀಪಕ್ಕ ಕೆಟ್ಟ ಹೆಸರು ಬರತಿತ್ತು. ಊರೆಲ್ಲ ಬನಶಂಕರೆವ್ವನ ಮಗಳು ಮಾಡಿದ ದೀಪ ಅಂತಿತ್ತು."

ಮನೆಯ ದೀಪವೆಂದು ಮುತ್ತಿಟ್ಟವಳು ಅವ್ವ, ಸುಟ್ಟುಕೊಂಡವಳೂ ಅವ್ವ. ಅಳುತ್ತ ಇಂದುಮತಿ ಎರಡೂ ಕೈ ಎತ್ತಿ ಏನೇನೋ ಒಟ್ಟಿಗೆ ಹೇಳಹೋದಳು. ಬನಶಂಕರೆವ್ವ ಆ ಕೈಗಳನ್ನು ಹಿಡಿದು ನಿಲ್ಲಿಸಿದಳು. ಹಿಡಿದಿದ್ದರೂ ಅವಳ ನೋಟ ಗಾಳಿಯಲ್ಲಿ ಅಲ್ಲಿ ಇಲ್ಲಿ ಓಡಾಡುತ್ತಿತ್ತು. ಆಡಿ ಮುಗಿದ ಕೈಗಳು ಅವಳಿಗೆ ಇನ್ನೂ ಆಡುತ್ತಿದ್ದವು.

ಮಾರನೆಯ ದಿನ ಪ್ರಯೋಗಶಾಲೆಯಲ್ಲಿ ಹೊಂಬಳರು ಬನಶಂಕರೆವ್ವನನ್ನು ಪರೀಕ್ಷಿಸಿದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿದರು.

"ಹೊಸದಾಗಿ ದೀಪದ ಕೆಳಗ ಕೂತವರು ಬಿಟ್ಟರ ಸರಿಹೋಗ್ತಾರ ಇಂದುಮತಿ," ಎಂದರು. "ನಿಮ್ಮ ತಾಯಿ ಎಲ್ಲರಿಗಿಂತ ಮೊದಲು ಕೂತವರು, ಅದೂ ಎರಡು ಮಗ್ಗದ ಎರಡು ದೀಪದ ಕೆಳಗ. ಹಿಡಿಯೋ ಚಾಳಿ ಮಿದುಳಿಗೆ ಇಳಿದುಬಿಟ್ಟದ. ಇನ್ನ ದೀಪ ಇರಲಿ ಬಿಡಲಿ, ಅದು ತಾನ ಬೆಳೀತದ."

"ಎಲ್ಲಿ ತನಕ ಸರ್?"

"ಇವತ್ತು ಕಣ್ಣು ಮುಚ್ಚಿದರ ಅಳಸ್ತದ. ನಾಳೆ ಇನ್ನೂ ಹೆಚ್ಚು ಹೊತ್ತು ಮುಚ್ಚಬೇಕಾಗ್ತದ. ಒಂದಿನ ಮುಚ್ಚಿದರೂ ಅಳಸಂಗಿಲ್ಲ. ಅವತ್ತು ಯಾವುದು ಕಣ್ಣಾಗ ಇರತದೋ ಅದೇ ಕಡೀದು. ಅದರ ಮ್ಯಾಲೆ ಬ್ಯಾರೆ ಏನೂ ಮೂಡಂಗಿಲ್ಲ." ಕನ್ನಡಕ ಹಾಕಿಕೊಂಡರು. "ನಾವು ಕಲಿಸಿದ್ವಿ. ಮರೆಸೋದು ನನಗ ಗೊತ್ತಿಲ್ಲ."

ಕಂಪನಿ ದೀಪಗಳನ್ನು ಕಳಚಿಸಿತು. ಶೆಡ್ಡುಗಳಲ್ಲಿ ಹಳೆಯ ಟ್ಯೂಬ್‌ಲೈಟುಗಳೇ ಬಂದವು, ಲಾಳಿ ಮತ್ತೆ ಕಣ್ಣಿಗೆ ಸಿಗದ ಹಾಗೆ ಓಡಿತು. ಬಹಳ ಮಂದಿ ಹುಷಾರಾದರು. ಆಗದವರು ಹೊಂದಿಕೊಂಡರು. ಶೆಡ್ಡಿನ ಮಾತು ನಿಧಾನವಾಯಿತು. ಒಂದು ಸನ್ನೆ ಮಾಡಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವುದು, ಎದುರಿನವರು ಕಣ್ಣು ಮುಚ್ಚಿ ತೆರೆಯುವ ತನಕ ಕಾಯುವುದು, ಆಮೇಲೆ ಮುಂದಿನ ಸನ್ನೆ. ಹರಟೆಯ ರುಚಿಯೇ ಹೋಯಿತೆಂದು ಮಾಬೂಬಿ ಗೊಣಗಿದಳು. ಆದರೆ ಮೊದಲು ಸೆರಗಲ್ಲಿ ಕೈ ಮುಚ್ಚಿಕೊಂಡವಳು ಅವಳೇ. ಬೈಗುಳವಾಗಿದ್ದ ಕಣ್ಣು ಮುಚ್ಚುವಿಕೆ ಈಗ ಮರ್ಯಾದೆಯಾಯಿತು. ನಿನ್ನ ಮಾತು ಪೂರ್ತಿ ಬಂತು, ಇನ್ನೊಂದಕ್ಕೆ ಜಾಗ ಮಾಡುತ್ತಿದ್ದೇನೆ ಎಂದು ಅದರ ಅರ್ಥ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅದು ಹಿಂದೆ ಅವಮಾನವಾಗಿತ್ತು ಎಂದರೆ ನಂಬುವುದು ಕಷ್ಟ.

ಬನಶಂಕರೆವ್ವನಿಗೆ ಒಂದು ಸನ್ನೆ ಅಳಿಯಲು ಮೊದಲು ಒಂದು ರೊಟ್ಟಿ ಬೇಯುವಷ್ಟು ಹೊತ್ತು ಬೇಕಾಯಿತು. ಆಮೇಲೆ ಒಂದು ಊಟದ ಹೊತ್ತು. ಚಳಿಗಾಲ ಮುಗಿಯುವಷ್ಟರಲ್ಲಿ ಒಂದು ಸನ್ನೆಗೆ ಒಂದು ದಿನವೇ ಬೇಕಾಗುತ್ತಿತ್ತು. ಅಂಗೈ ಮೇಲೆ ಬೆರಳಾಡಿಸಿ ಹೇಳುವುದನ್ನೂ ಇಬ್ಬರು ಕಲಿತರು. ಊಟ, ನೀರು, ನಿದ್ದೆ, ಇಷ್ಟಕ್ಕೆ ಅದು ಸಾಕಾಗುತ್ತಿತ್ತು. ಆದರೆ ಶೆಡ್ಡಿನ ಮಾತು ಮುಖ ಸೇರಿದ ಮಾತು, ಹುಬ್ಬಿನಲ್ಲಿ ಕೇಳಿ ತುಟಿಯಲ್ಲಿ ನಗುವ ಮಾತು. ಅದು ಅಂಗೈಗೆ ಇಳಿಯಲಿಲ್ಲ.

ಆಗ ಬನಶಂಕರೆವ್ವನೇ ಒಂದು ಏರ್ಪಾಡು ಮಾಡಿಕೊಂಡಳು. ತಾನೇ ನೇಯ್ದ ಕುಬಸದ ಕಣದ ಒಂದು ತುಂಡನ್ನು ಮಡಿಸಿ ಕಣ್ಣಿಗೆ ಕಟ್ಟಿಕೊಂಡಳು. ದಿನವಿಡೀ ಪಟ್ಟಿ ಬಿಚ್ಚುವುದಿಲ್ಲ. ಮುಂಜಾನೆ ಒಮ್ಮೆ ಮಾತ್ರ, ಮಗಳು ಅಂಗಳದ ಬೆಳಕಿನಲ್ಲಿ ಎದುರು ನಿಂತಾಗ, ಬಿಚ್ಚಿ ನೋಡಿ ಮತ್ತೆ ಕಟ್ಟಿಕೊಳ್ಳುವುದು. "ಕಡೀದು ಯಾವಾಗ ಬರತದೋ ಗೊತ್ತಿಲ್ಲ," ಎಂದು ಕೈಯಲ್ಲೇ ಮಗಳಿಗೆ ಹೇಳಿದಳು. "ಗ್ವಾಡಿನೋ, ಚರಗಿನೋ ಕಣ್ಣಾಗ ಕುಂತುಬಿಟ್ರ ಏನ ಮಾಡ್ಲಿ? ಕುಂತ್ರ ನೀ ಕುಂದರು."

ಇಂದುಮತಿ ದಿನಾ ಮುಂಜಾನೆ ತಲೆ ಬಾಚಿ, ಕುಂಕುಮ ಇಟ್ಟು, ಒಳ್ಳೆಯ ಸೀರೆ ಉಟ್ಟು ತುಳಸಿಕಟ್ಟೆಯ ಪಕ್ಕ ನಿಲ್ಲತೊಡಗಿದಳು. ಇವತ್ತೇ ಕೊನೆಯದೇನೋ ಎಂದು ನಗುತ್ತ ನಿಲ್ಲಬೇಕು. ಹಾಗೆ ನಗುವುದು ಎಷ್ಟು ಕಷ್ಟವೆಂದು ನಕ್ಕವರಿಗೇ ಗೊತ್ತು. ಒಂದೊಂದು ದಿನಕ್ಕೆ ಒಂದೊಂದು ಸನ್ನೆ. ಅವ್ವ ಅದನ್ನು ಪಟ್ಟಿಯ ಒಳಗೆ ಇಟ್ಟುಕೊಂಡು ದಿನವೆಲ್ಲ ನೋಡುವಳು, ಸಂಜೆಯ ಹೊತ್ತಿಗೆ ಅದು ಮಸುಕಾಗಿ ಅಳಿಯುವುದು.

ಯುಗಾದಿ ಮತ್ತೆ ಬಂತು, ಹೋಯಿತು. ದಿನಾ ಮಾಡಿದ್ದಕ್ಕೆ ರೂಢಿ ಎಂಬುದೊಂದು ಬರುತ್ತದೆ, ದುಃಖವನ್ನೂ ಅದು ಬಿಡುವುದಿಲ್ಲ. ಒಂದು ದಿನ ಇಂದುಮತಿಗೆ ಏಳುವುದು ತಡವಾಯಿತು. ಹೊಂಬಳರು ಮರೆಸುವ ಬೆಳಕಿನ ಹೊಸ ಪ್ರಯೋಗವೊಂದನ್ನು ಅಂದು ಶುರು ಮಾಡುವವರಿದ್ದರು. ಅವಳು ಅರ್ಧ ಹೆಣೆದ ಜಡೆಯಲ್ಲೇ ಡಬ್ಬಿ ತುಂಬಿಕೊಂಡು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದಕ್ಕೆ ಹುಡುಕಾಡುತ್ತ ಬಾಗಿಲಲ್ಲಿದ್ದಾಗ, ಒಳಗಿಂದ ಅವ್ವ ಗೋಡೆ ಹಿಡಿದು ಬಂದು ಪಟ್ಟಿ ಸರಿಸಿದಳು. ಇಂದುಮತಿ ನಗಲಿಲ್ಲ, ನೆನಪೂ ಆಗಲಿಲ್ಲ. ತಿರುಗಿ ನೋಡಿ, ಕೈಯನ್ನು ಆಚೆ ಒಯ್ದು ಎದೆಗೆ ತಂದಳು. ಬರ್ತೀನಿ. ಅವ್ವ ತಲೆಯಾಡಿಸಿ ಪಟ್ಟಿ ಕಟ್ಟಿಕೊಂಡಳು.

ಪ್ರಯೋಗ ಕೈಗೂಡಲಿಲ್ಲ. ಹೊಂಬಳರು ನಾಳೆ ನೋಡೋಣ ಎಂದರು. ದೀಪ ಹಚ್ಚುವ ಹೊತ್ತಿಗೆ ಇಂದುಮತಿ ಮನೆಗೆ ಬಂದು, ಚಪ್ಪಲಿ ಬಿಟ್ಟು, ನಡುಮನೆಯಲ್ಲಿ ಕುಳಿತಿದ್ದ ಅವ್ವನ ಹೆಗಲ ಮೇಲೆ ಎಂದಿನಂತೆ ಕೈ ಇಟ್ಟಳು. ಬನಶಂಕರೆವ್ವ ಬೆಚ್ಚಿದಳು. ಎಷ್ಟೋ ವರ್ಷದಿಂದ ಬಾಯಿ ಬಿಡದವಳು ಬಾಯಿ ತೆರೆದಳು. ದನಿ ಒರಟಾಗಿ, ಬೇಡದಷ್ಟು ಗಟ್ಟಿಯಾಗಿ, ಮಗ್ಗಗಳ ನಡುವೆ ಕೂಗಿದಂತೆ ಬಂತು:

"ಇಂದವ್ವಾ, ಬಂದೇನು?"

ಇಂದುಮತಿ ಅವ್ವನ ಅಂಗೈ ತೆಗೆದುಕೊಂಡು ಹೂಂ ಎಂದು ಬೆರಳಿಟ್ಟಳು.

"ಹಂಗಾರ ಬಾಗಲದಾಗ ಯಾಕ ನಿಂತೀ? ಮುಂಜಾನಿಂದ ನೋಡಾಕತ್ತೀನಿ, ಒಂದ ಚಪ್ಪಲಿ ಮೆಟ್ಟಿ ನಿಂತೀಯವ್ವ. ಜಡಿನೂ ಪೂರಾ ಹಾಕ್ಕೊಂಡಿಲ್ಲ."

ಅವ್ವನ ಕಣ್ಣಿಗೆ ಪಟ್ಟಿ ಕಟ್ಟಿಯೇ ಇತ್ತು. ಇಂದುಮತಿ ಗಂಟು ಬಿಚ್ಚಿದಳು. ಕಣ್ಣು ತೆರೆದಿದ್ದವು, ಶುಭ್ರವಾಗಿದ್ದವು. ಅವು ಎದುರಿಗಿದ್ದ ಮಗಳನ್ನು ನೋಡಲಿಲ್ಲ. ಅವಳ ತಲೆಯ ಮೇಲಿಂದ, ಯಾರೂ ಇಲ್ಲದ ಬಾಗಿಲ ಕಡೆ ನೋಡಿದವು. ಇಂದುಮತಿ ಆ ರೆಪ್ಪೆಗಳನ್ನು ಬೆರಳಿಂದ ಮೆಲ್ಲಗೆ ಮುಚ್ಚಿ, ಕಾದು, ಬಿಟ್ಟಳು. ನೋಟ ಮತ್ತೆ ಬಾಗಿಲಿಗೇ ಹೋಯಿತು.

ನಗುತ್ತ ನಿಂತ ಅಷ್ಟು ಮುಂಜಾವುಗಳಲ್ಲಿ ಒಂದೂ ಉಳಿಯಲಿಲ್ಲ. ಉಳಿದದ್ದು ಗಡಿಬಿಡಿಯದು. ಇಂದುಮತಿ ಎದೆ ಬಿರಿಯುವಂತೆ ಅತ್ತಳು. ಆ ಅಳು ಅವ್ವನಿಗೆ ಕೇಳುವುದಿಲ್ಲ, ಕಾಣುವುದೂ ಇಲ್ಲ.

ಬನಶಂಕರೆವ್ವನಿಗೆ ಅಂಗೈ ಮೇಲೆ ಬಿದ್ದ ಹನಿಗಳು ತಿಳಿದವು. ಬಾಗಿಲ ಕಡೆಯೇ ನೋಡುತ್ತ, ಈ ಸಲ ದನಿ ತಗ್ಗಿಸಿ ಹೇಳಿದಳು:

"ಇರಲಿ ಬಿಡವ್ವ. ಬರ್ತೀನಂತ ಅಂದೀಯಲ್ಲ, ಅದೂ ಕಾಣ್ತೈತಿ. ಆದ್ರ ಎಷ್ಟೊತ್ತಂತ ನಿಂದರತೀ, ಕಾಲು ನೋಯ್ತಾವ. ಕುಂದ್ರು ಬಾ."

ಇಂದುಮತಿ ಅವ್ವನ ಕಾಲ ಬಳಿ ಕುಳಿತು ಅವಳ ಮಡಿಲಲ್ಲಿ ತಲೆ ಇಟ್ಟಳು. ಬನಶಂಕರೆವ್ವನ ಬೆರಳು ಮಗಳ ಅರ್ಧ ಬಿಚ್ಚಿದ ಜಡೆ ಹುಡುಕಿ ಹಿಡಿದು, ಮೂರು ಕಾಲು ಬೇರ್ಪಡಿಸಿ, ಹೆಣೆಯತೊಡಗಿದವು. ಹೆಣೆದು ಮುಗಿಸಿ ತುದಿಗೆ ಗಂಟು ಹಾಕಿ, ಮತ್ತೆ ಬಾಗಿಲ ಕಡೆ ನೋಡಿ, "ಕುಂದ್ರವ್ವ," ಎಂದಳು.